ಸ್ಟುಡಿಯೋ ದೊಡ್ಡಮ್ಮ ಸಮುದ್ರಕ್ಕಿಳಿದದ್ದು

ವನಜಾ ದೊಡ್ಡಮ್ಮ ಯಾರನ್ನು ನೋಡುವಾಗಲೂ ಎಡಗಣ್ಣು ಮುಚ್ಚುತ್ತಿದ್ದಳು. ತರಕಾರಿಯವನ ಜೊತೆ ಚೌಕಾಸಿ ಮಾಡುವಾಗ, ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಳ್ಳುವಾಗ, ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಎದುರು ನಿಂತಾಗ, ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡು ಬಲಗಣ್ಣು ಎದುರಿನವರ ಮುಖದ ಮೇಲೆ ಹೋಗಿ ಕೂರುತ್ತಿತ್ತು. ಗೊತ್ತಿಲ್ಲದವರು ಈಕೆ ಕಣ್ಣು ಹೊಡೆದಳೆಂದು ಗಾಬರಿಯಾಗುತ್ತಿದ್ದರು. ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿ ಇಣುಕಿ ಬಂದ ಅಭ್ಯಾಸ ಅದು. "ಎರಡೂ ಕಣ್ಣು ಬಿಟ್ಕೊಂಡು ನೋಡಿದ್ರೆ ಬೇಡದ್ದೆಲ್ಲ ಕಾಣ್ತದೆ ಕಣೇ" ಎನ್ನುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳ ಫೋಟೋ ಸ್ಟುಡಿಯೋ ಇತ್ತು. ಅದನ್ನು ತೆರೆದವರು ದೊಡ್ಡಪ್ಪ. ಹೆಂಡತಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವರೂ ಅವರೇ. ಮಕ್ಕಳಿರಲಿಲ್ಲ. ಒಂದು ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತ ದೊಡ್ಡಪ್ಪ ಮತ್ತೆ ಏಳಲಿಲ್ಲ. ಗೌನಿಪಲ್ಲಿಯಲ್ಲಿ ಮಾವಿನ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವ ತಿಥಿಗೆ ಬಂದವರು, ಅಂಗಡಿ ಮಾರಿ ತಮ್ಮ ಮನೆಗೆ ಬಂದಿರು ಎಂದು ತಂಗಿಗೆ ಹೇಳಿದರು.

"ಅವರು ಹೋದ್ರು ಅಣ್ಣಾ. ನನ್ನ ಕೈ ಹೋಗಿಲ್ಲ" ಎಂದ ದೊಡ್ಡಮ್ಮ ಮರುದಿನವೇ ಷಟರ್ ಎತ್ತಿದಳು.

ಅದಾದ ಮೇಲೆ ಅವಳು ಒಪ್ಪಿಕೊಂಡ ಮೊದಲ ಮದುವೆ ಮುಳಬಾಗಿಲಿನದು. ಹೆಣ್ಣು ನನ್ನ ಗೆಳತಿಯ ಅಕ್ಕನಾದ್ದರಿಂದ ನಾನೂ ಹೋಗಿದ್ದೆ. ಮುಹೂರ್ತ ಹತ್ತಿರವಾಗಿ, ದೊಡ್ಡಮ್ಮ ಮಂಟಪದ ಮೆಟ್ಟಿಲ ಮೇಲೆ ಒಂದು ಮೊಣಕಾಲೂರಿ ಕೂತಿದ್ದಳು. ಗಂಡಿನ ಕಡೆಯ ಹಿರಿಯರೊಬ್ಬರು ಬಂದು ಅವಳಿಗೂ ಮದುಮಕ್ಕಳಿಗೂ ನಡುವೆ ನಿಂತರು.

"ಏನಮ್ಮಾ, ತಾಳಿ ಕಟ್ಟೋ ಹೊತ್ನಲ್ಲಿ ನೀನು ವಸಿ ಆ ಕಡೆ ಹೋಗಿರು. ಶುಭಕಾರ್ಯ. ಬೇರೆ ಯಾರ ಕೈಲಾದ್ರೂ ತೆಗೆಸ್ತೀವಿ."

ದೊಡ್ಡಮ್ಮ ಕಿಂಡಿಯಿಂದ ಮುಖ ತೆಗೆಯಲೇ ಇಲ್ಲ. "ಫೋಟೋ ತೆಗಿಯೋದು ಕಣ್ಣು ಯಜಮಾನ್ರೇ, ಹಣೆ ಅಲ್ಲ. ನೀವೇ ವಸಿ ಆ ಕಡೆ ಬನ್ನಿ, ಹುಡುಗಿ ಮರೆಯಾಗ್ತಾವ್ಳೆ."

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಹಿರಿಯರು ಅಲುಗಾಡಲಿಲ್ಲ, ದೊಡ್ಡಮ್ಮನೂ ಏಳಲಿಲ್ಲ. ಅವರ ಕಂಕುಳ ಪಕ್ಕದಿಂದಲೇ ಫ್ಲ್ಯಾಶ್ ಹೊಡೆದಳು. ಆಲ್ಬಂ ಬಂದಾಗ ನೋಡಿದರೆ, ತಾಳಿ ಕಟ್ಟುವ ಪಟದಲ್ಲಿ ಅರ್ಧ ಜಾಗ ಮೂಗಿನ ಹೊಳ್ಳೆ ಅರಳಿಸಿಕೊಂಡ ಆ ಹಿರಿಯರದೇ. ಕತ್ತರಿಸಿ ಹಾಕಬಹುದಿತ್ತು. ಅವಳು ಅದನ್ನೇ ಪೂರ್ತಿ ಪುಟಕ್ಕೆ ಹಿಗ್ಗಿಸಿದ್ದಳು. "ಅವರೂ ಮದುವೇಲಿದ್ರು ತಾನೆ?" ಎಂದಳು.

ಇಂಥ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಮದುವೆಗಳು ಒಂದೊಂದಾಗಿ ಕೈಬಿಟ್ಟವು. ಪಾಸ್‌ಪೋರ್ಟ್ ಅಳತೆಯ ಫೋಟೋ, ಶಾಲೆಗಳ ಗ್ರೂಪ್ ಫೋಟೋ, ಆಮೇಲೆ ಸಾವಿನ ಮನೆಗಳು ಉಳಿದವು. ಸತ್ತವರನ್ನು ಗೋಡೆಗೊರಗಿಸಿ ಕೂರಿಸಿ ಸುತ್ತ ಬಂಧುಗಳು ನಿಂತು ತೆಗೆಸಿಕೊಳ್ಳುವ ಕೊನೆಯ ಪಟಕ್ಕೆ ದೊಡ್ಡಮ್ಮನಿಗೆ ಯಾವ ಹೊತ್ತಿನಲ್ಲೂ ಕರೆ ಬರುತ್ತಿತ್ತು. "ಹೆಣದ ಮುಂದೆ ಯಾರ್ಗೂ ಶಕುನ ನೆನಪಾಗಲ್ಲ, ನೋಡು" ಎಂದು ನಗುತ್ತಿದ್ದಳು. ಆ ನಗು ನನಗೆ ಇಷ್ಟವಾಗುತ್ತಿರಲಿಲ್ಲ.

ಕಾಲ ಬದಲಾಯಿತು. ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಬೆಟ್ಟ, ಕೆರೆ, ರೆಸಾರ್ಟು ಸುತ್ತಿ ಫೋಟೋ ತೆಗೆಸಿಕೊಳ್ಳುವ ಕಾಲ ಬಂತು. ಮಾಲೂರಿನ ಒಂದು ಜೋಡಿಗೆ ಈಜುಕೊಳದ ನೀರಿನೊಳಗೆ ಮುಳುಗಿ ಪಟ ತೆಗೆಸಿಕೊಳ್ಳುವ ಆಸೆಯಿತ್ತು. ಪರಿಚಯದವರು ಯಾರೋ ಹೇಳಿದರೆಂದು ದೊಡ್ಡಮ್ಮನ ಅಂಗಡಿಗೆ ಬಂದರು. ಅದೇ ಹೊತ್ತಿಗೆ ಡ್ರೋನ್ ಇಟ್ಟುಕೊಂಡಿದ್ದ ಊರಿನ ಯುವ ಫೋಟೋಗ್ರಾಫರ್ ಒಬ್ಬ ಅಲ್ಲೇ ಇದ್ದ. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ನಕ್ಕು, "ಅಯ್ಯೋ, ಅಮ್ಮನಿಗೆ ಯಾಕೆ ಸರ್ ತೊಂದರೆ? ಪಾಪ, ನೀರಿಗೆ ಬಿದ್ರೆ ನಾವೇ ಎತ್ಬೇಕು" ಎಂದು ಜೋಡಿಯನ್ನು ಕರೆದುಕೊಂಡು ಹೋದ.

ಆ ಭಾನುವಾರ ನಾನು ಹೋದಾಗ ದೊಡ್ಡಮ್ಮ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಳು. ಕಡಲ ತಳದಲ್ಲಿ ಕ್ಯಾಮೆರಾ ಹಿಡಿದು ತೇಲುವವರ ವಿಡಿಯೋ.

"ನೀನು ಅಂಡಮಾನಿಗೆ ಹೋಗ್ತೀನಿ ಅಂತಿದ್ಯಲ್ಲ, ಅಲ್ಲಿ ಇದನ್ನ ಕಲಿಸ್ತಾರಂತೆ ಹೌದಾ?"

ನಾನಾಗ ನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಜೊತೆಯ ಗೆಳತಿಯೂ ನಾನೂ ರಜೆ ಹಾಕಿ ಅಂಡಮಾನಿಗೆ ಹೋಗುವುದೆಂದಿತ್ತು. ಅವಳಿಗೆ ನಿಶ್ಚಿತಾರ್ಥವಾಗಿ ಹಿಂದೆ ಸರಿದಿದ್ದಳು.

"ಕಲಿಸ್ತಾರೆ. ಆದರೆ ಮೊದಲು ಈಜು ಬರಬೇಕಂತೆ, ಆಮೇಲೆ ಡೈವಿಂಗ್, ಅದು ಪಾಸಾದ್ರೆ ಫೋಟೋ. ಯಾಕೆ?"

"ಆ ಹುಡುಗಿ ಬದಲು ನಾನು ಬರ್ತೀನಿ" ಎಂದಳು.

ಹುಡುಗಿಯಾಗಿದ್ದಾಗ ಅವಳು ತೋಟದ ಬಾವಿಯಲ್ಲಿ ಈಜಿದವಳೇ. ಮದುವೆಯಾದ ಮೇಲೆ ನೀರಿಗಿಳಿದಿರಲಿಲ್ಲ. ಈಗ ಐವತ್ತು ದಾಟಿದ ಮೇಲೆ ಚೂಡಿದಾರ್ ಹಾಕಿಕೊಂಡು ಗೌನಿಪಲ್ಲಿಯ ಅದೇ ಬಾವಿಗೆ ಹೋದಳು. ಎರಡು ಮಳೆಗಾಲ ಚೆನ್ನಾಗಿ ಆಗಿ ಬಾವಿ ಮೇಲಿನ ಮೆಟ್ಟಿಲವರೆಗೂ ತುಂಬಿತ್ತು. ಮಾವಿನಕಾಯಿ ಕೀಳಲು ಬಂದ ಹೆಂಗಸರು ಕೆಲಸ ಬಿಟ್ಟು ಬಾವಿಯ ಸುತ್ತ ನಿಂತರು. ಮಾವ ತಲೆ ಮೇಲೆ ಕೈ ಹೊತ್ತರು.

"ಈ ವಯಸ್ಸಲ್ಲಿ ಬಾವಿಗಿಳಿದ್ರೆ ಜನ ಏನಂದ್ಕೊಂತಾರೆ ವನಜಾ?"

"ಮೇಲಕ್ಕೆ ಬರದಿದ್ರೆ ಬಿದ್ಲು ಅಂತಾರೆ, ಬಂದ್ರೆ ಈಜಿದ್ಲು ಅಂತಾರೆ. ನಾನು ಬರ್ತೀನಿ, ನೀನು ಹಗ್ಗ ಹಿಡ್ಕೊಂಡು ನಿಂತ್ಕೋ ಅಣ್ಣಾ" ಎಂದು ದೊಡ್ಡಮ್ಮ ಮೂಗು ಹಿಡಿದು ಹಾರಿದಳು. ಮಾವ ಬೈಯುತ್ತಲೇ ಹಗ್ಗ ಹಿಡಿದು ನಿಂತರು. ಬೇಸಿಗೆ ಮುಗಿಯುವವರೆಗೂ ಹಾಗೇ ನಿಂತರು.

ಆ ವರ್ಷದ ಚಳಿಗಾಲದಲ್ಲಿ ಅಂಡಮಾನಿಗೆ ಹೋದೆವು. ನಾನು ಮರಳಿನ ಮೇಲೆ ಬಿದ್ದುಕೊಳ್ಳಲು, ಅವಳು ಕಲಿಯಲು. ನಮಗೆ ಸಿಕ್ಕ ಗುರು ರಾಜು, ಪೋರ್ಟ್ ಬ್ಲೇರಿನಲ್ಲೇ ಹುಟ್ಟಿ ಬೆಳೆದ ತೆಲುಗು ಮನೆಯ ಹುಡುಗ. ನಮ್ಮ ಗಡಿಯ ತೆಲುಗು ದೊಡ್ಡಮ್ಮನ ನಾಲಿಗೆಯ ಮೇಲೇ ಇತ್ತಾದ್ದರಿಂದ ಇಂಗ್ಲಿಷಿನ ಕಾಟ ತಪ್ಪಿತು. ಮೈಗಂಟುವ ಕಪ್ಪು ರಬ್ಬರ್ ಉಡುಪನ್ನು ತೊಟ್ಟು ಕೋಣೆಯಿಂದ ಹೊರಬಂದಾಗ ಅವಳು ಮುಜುಗರ ಪಡಬಹುದೆಂದು ನಾನು ಬೇರೆ ಕಡೆ ನೋಡುತ್ತಿದ್ದೆ. "ಏನೇ, ಆ ಕಡೆ ನೋಡ್ತಿದೀಯಾ? ಬೆನ್ನಿನ ಜಿಪ್ ಎಳಿ" ಎಂದು ತಿರುಗಿ ನಿಂತಳು.

ಮೊದಲ ದಿನವೇ ಎಡವಟ್ಟಾಯಿತು. ದೋಣಿಯಿಂದ ಇಳಿದು ಆಳು ಮುಳುಗುವಷ್ಟು ಹೋಗುವುದರೊಳಗೆ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಾಗಿ, ಬಾಯಲ್ಲಿ ಕಚ್ಚಿಕೊಂಡಿದ್ದ ಗಾಳಿಯ ಕೊಳವೆಯನ್ನು ಕಿತ್ತು ಹಾಕಿ ಒದ್ದಾಡುತ್ತ ಮೇಲೆ ಬಂದಳು. ದೋಣಿಯ ಅಂಚು ಹಿಡಿದು ಉಪ್ಪು ನೀರು ಕಕ್ಕಿದಳು. ನಾನು ಬೆನ್ನು ಸವರಿದರೆ ದೂಡಿದಳು. ಅದೇ ದೋಣಿಯಲ್ಲಿ ಬೆಂಗಳೂರಿನ ದಂಪತಿಗಳಿದ್ದರು. ಇವಳು ರಾಜುವಿನೊಡನೆ ತೆಲುಗಾಡಿದ್ದನ್ನು ಕೇಳಿ ಕನ್ನಡ ಬಾರದೆಂದು ತಿಳಿದ ಆ ಗಂಡಸು ಹೆಂಡತಿಗೆ ಹೇಳಿದ, "ಈ ಆಂಟಿಗೆ ಯಾಕೆ ಬೇಕಿತ್ತು ಇದೆಲ್ಲ? ತಳಕ್ಕೆ ಗಾಜು ಹಾಕಿರೋ ದೋಣಿ ಇದೆಯಲ್ಲ, ಅದ್ರಲ್ಲಿ ಕೂತು ನೋಡಬಹುದಿತ್ತಪ್ಪ."

ದೊಡ್ಡಮ್ಮ ಬಾಯಿ ಒರೆಸಿಕೊಂಡಳು. "ಇಷ್ಟು ವರ್ಷ ಗಾಜಿನ ಹಿಂದೆ ಕೂತೇ ಎಲ್ಲಾ ನೋಡಿದೀನಿ ಸ್ವಾಮಿ. ಸಾಕಾಗಿದೆ" ಎಂದು ಕನ್ನಡದಲ್ಲೇ ಹೇಳಿ, ಮಾಸ್ಕ್ ಹಾಕಿಕೊಂಡು ಮತ್ತೆ ಇಳಿದಳು.

ಎರಡನೆಯ ಸಲ ಇನ್ನೊಂದು ತಮಾಷೆ. ಎಲ್ಲ ಸರಿಯಾಗಿದ್ದು ಖುಷಿಯಾಗಿ, ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ತೋರಿಸುತ್ತಿದ್ದಂತೆ ಹೆಬ್ಬೆರಳೆತ್ತಿ 'ಸೂಪರ್' ಎಂದು ರಾಜುವಿಗೆ ತೋರಿಸಿದಳಂತೆ. ನೀರಿನೊಳಗಿನ ಭಾಷೆಯಲ್ಲಿ ಹೆಬ್ಬೆರಳೆತ್ತಿದರೆ 'ಮೇಲಕ್ಕೆ ಹೋಗೋಣ' ಎಂದರ್ಥ. ರಾಜು ಕೂಡಲೇ ತೋಳು ಹಿಡಿದು ಮೇಲಕ್ಕೆ ತಂದ. "ಯಾಕೋ ಎಳ್ಕೊಂಡು ಬಂದೆ?" ಎಂದು ಇವಳು, "ನೀವೇ ಹೇಳಿದ್ರಲ್ಲಮ್ಮಾ" ಎಂದು ಅವನು, ಅಲೆಗಳ ನಡುವೆ ತಲೆಗಳೆರಡು ಜಗಳವಾಡುವುದನ್ನು ದೋಣಿಯಿಂದ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಡೈವಿಂಗ್ ಅಂತೂ ಪಾಸಾಯಿತು. ನಿಜವಾದ ಜಗಳ ಶುರುವಾದದ್ದು ಕ್ಯಾಮೆರಾ ಕೈಗೆ ಬಂದ ಮೇಲೆ. ನೀರು ಹೋಗದ ಪೆಟ್ಟಿಗೆಯೊಳಗೆ ಕೂರಿಸಿದ ಕ್ಯಾಮೆರಾ ಅದು. ಜೀವಮಾನವೆಲ್ಲ ಮಾಡಿದ ಕೆಲಸ, ಇದರಲ್ಲೇನು ಕಲಿಯುವುದಿದೆ ಎಂದುಕೊಂಡಿದ್ದಳು. ಮೀನಿನ ಬೆನ್ನು ಹತ್ತಿದಳು. ಮದುವೆ ಮನೆಯಲ್ಲಿ ಜನರನ್ನು ಗದರಿಸಿ ನಿಲ್ಲಿಸಿದಂತೆ ಮೀನನ್ನು ನಿಲ್ಲಿಸಲಾಗುತ್ತದೆಯೇ? ಅದು ಓಡಿತು, ಇವಳು ಕಾಲು ಬಡಿದಳು, ಕಾಲಿಗೆ ತೊಟ್ಟಿದ್ದ ಈಜುರೆಕ್ಕೆ ತಗುಲಿ ಹವಳದ ಒಂದು ಕೊಂಬೆ ಮುರಿಯಿತು. ರಾಜು ಸರ್ರನೆ ಬಂದು ಅವಳ ಕೈಯಿಂದ ಕ್ಯಾಮೆರಾ ಕಿತ್ತುಕೊಂಡ.

ಅವಳ ಕೈಯಿಂದ ಕ್ಯಾಮೆರಾ ಕಿತ್ತುಕೊಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ದೋಣಿಗೆ ಬಂದವಳೇ ಕೂಗಾಡಿದಳು. "ನೀನು ಹುಟ್ಟೋಕೆ ಮುಂಚೆಯಿಂದ ಫೋಟೋ ತೆಗೀತಿದೀನಿ ಕಣೋ!"

ರಾಜು ಮೆಲ್ಲಗೆ ಹೇಳಿದ. "ಮುಂದು ಮೀರು ಆಗಂಡಿ ಅಮ್ಮಾ. ತರ್ವಾತ ಚೇಪಲು ಆಗುತಾಯಿ." ಮೊದಲು ನೀವು ನಿಲ್ಲಿ, ಆಮೇಲೆ ಮೀನು ನಿಲ್ಲುತ್ತವೆ ಎಂದು. ಮುರಿದ ಆ ಕೊಂಬೆ ಬೆಳೆಯಲು ಎಷ್ಟೋ ವರ್ಷ ಬೇಕಾಗುತ್ತದೆಂದೂ, ನೀರಿನಲ್ಲಿ ಅಲುಗದೆ ನಿಲ್ಲಲು ಕಲಿಯದೆ ಕ್ಯಾಮೆರಾ ಕೊಡುವುದಿಲ್ಲವೆಂದೂ ಹೇಳಿದ.

ಆ ಸಂಜೆ ಅವಳು ಊಟಕ್ಕೂ ಏಳಲಿಲ್ಲ. ಊರಿಗೆ ಹೋಗೋಣವೇ ಎಂದು ಕೇಳಿದೆ. "ಹೋಗಿ? ಆ ಡ್ರೋನ್ ಹುಡುಗನ ಮುಂದೆ ನಿಂತ್ಕೊಳ್ಳಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಗ್ಗೆ ನಾನು ಏಳುವ ಹೊತ್ತಿಗೆ ರಬ್ಬರ್ ಉಡುಪು ತೊಟ್ಟು ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಕೂತಿದ್ದಳು. ಅವತ್ತಿಡೀ ಬರಿಗೈಯಲ್ಲಿ ಮುಳುಗಿದಳು. ಮರುದಿನವೂ. ಬರೀ ಮರಳಿನ ಮೇಲೆ, ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ, ಉಸಿರೊಂದರಲ್ಲೇ ಮೈಯನ್ನು ಹಿಡಿದು ನಿಲ್ಲುವುದು. ಮೂರನೆಯ ದಿನ ರಾಜು ತಾನಾಗಿಯೇ ಕ್ಯಾಮೆರಾ ತಂದು ಅವಳ ಕೈಗಿಟ್ಟ.

ಕೊನೆಯ ದಿನ ನಾನೂ ಧೈರ್ಯ ಮಾಡಿ ಇನ್ನೊಬ್ಬ ಗುರುವಿನ ಕೈ ಹಿಡಿದುಕೊಂಡು ಇಳಿದೆ. ನೀಲಿಯೊಳಗೆ ಸ್ವಲ್ಪ ದೂರದಲ್ಲಿ ದೊಡ್ಡಮ್ಮ ಕಂಡಳು. ಮಂಡಿನೋವಿನಿಂದ ಬಸ್ಸು ಹತ್ತುವಾಗ ಅಪ್ಪಾ ಅಮ್ಮಾ ಎನ್ನುತ್ತಿದ್ದ ಹೆಂಗಸು ಹವಳದ ಬಂಡೆಯೊಂದರ ಎದುರು ಅಡ್ಡಲಾಗಿ, ಹಾಸಿಗೆಯ ಮೇಲೆ ಮಲಗಿದಷ್ಟು ಆರಾಮವಾಗಿ ತೇಲುತ್ತಿದ್ದಳು. ಬಂಡೆಯ ಸಂದಿಯಲ್ಲಿ ದಪ್ಪ ತುಟಿಯ ಮೀನೊಂದು ಮೂತಿ ಉಬ್ಬಿಸಿಕೊಂಡು ಕೂತಿತ್ತು. ಅವಳು ಕಾದಳು. ಮೀನು ಹೊರಗೆ ಬಂತು, ಇವಳನ್ನು ನೋಡಿತು, ಓಡಲಿಲ್ಲ. ಫ್ಲ್ಯಾಶ್ ಮಿನುಗಿತು.

ತೆಗೆದ ಪಟಗಳಲ್ಲಿ ಬಹುಪಾಲು ಮಸುಕಾಗಿದ್ದವು. ಕೆಲವುಗಳಲ್ಲಿ ಬರೀ ಬಾಲ. ಆ ಮೀನಿನದು ಮಾತ್ರ ಮುಳ್ಳು ಮುಳ್ಳೂ ಎಣಿಸುವಂತೆ ಬಂದಿತ್ತು. ಮೈಯೆಲ್ಲ ಕಡುಗೆಂಪು. ನಾನು ಕೆಳಗೆ ನೋಡಿದಾಗ ಅದು ಬೂದಿ ಬಣ್ಣವಾಗಿತ್ತಲ್ಲ ಎಂದೆ.

"ಅಷ್ಟು ಆಳಕ್ಕೆ ಕೆಂಪು ಇಳಿಯೋದೇ ಇಲ್ಲ ಕಣೇ. ನೀರು ಕುಡಿದುಬಿಡ್ತದೆ. ಅಲ್ಲಿ ಕುಂಕುಮ ಇಟ್ಟೋರದ್ದೂ ಇಡದೋರದ್ದೂ ಹಣೆ ಎಲ್ಲಾ ಒಂದೇ ಬಣ್ಣ" ಎಂದಳು. "ಬೆಳಕು ನಾವೇ ತಗೊಂಡು ಹೋದ್ರೆ ಕೆಂಪು ಬರ್ತದೆ" ಎಂದು ಮೀನಿನ ಪಟವನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದಳು.

ಊರಿಗೆ ಬಂದವಳೇ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿದ್ದ ಮದುಮಕ್ಕಳ ಪಟಗಳನ್ನು ತೆಗೆದು ಆ ಮೀನನ್ನು ಹಾಕಿದಳು. ಪಕ್ಕದಲ್ಲಿ ರಬ್ಬರ್ ಉಡುಪಿನಲ್ಲಿ ತಾನು ನಿಂತ ಪಟ. ಮಾವ ಬಂದು, ಮರ್ಯಾದಸ್ಥರ ಮನೆ, ಅದನ್ನು ತೆಗಿ ಎಂದರು. ಅವಳು ತೆಗೆದಳು. ಮುಂದಿನ ವಾರ ಮಾವ ಬರುವ ಹೊತ್ತಿಗೆ ಅದೇ ಪಟ ಬಾಗಿಲಿನಷ್ಟು ಎತ್ತರದ ಫ್ಲೆಕ್ಸ್ ಆಗಿ ಅಂಗಡಿಯ ಮುಂದೆ ನಿಂತಿತ್ತು.

ಅದನ್ನು ನೋಡಿಯೇ ಸುಗಟೂರಿನ ಹುಡುಗಿಯೊಬ್ಬಳು ಬಂದದ್ದು. ನಮ್ಮ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವಳು, ಮದುವೆ ಗೊತ್ತಾಗಿತ್ತು. ಮಾಲೂರಿನ ಕಡೆಯ ರೆಸಾರ್ಟೊಂದರ ಈಜುಕೊಳದಲ್ಲಿ ಫೋಟೋ ಎಂದಾಯಿತು. ಹುಡುಗ ಹುಡುಗಿ ರೇಷ್ಮೆ ಬಟ್ಟೆಯಲ್ಲಿ ತಯಾರಾಗಿದ್ದರು. ದೊಡ್ಡಮ್ಮನ ಜೊತೆ ನಾನೂ ಹೋಗಿದ್ದೆ. ಹುಡುಗನ ತಾಯಿಯೂ ಬಂದಿದ್ದರು. ದೊಡ್ಡಮ್ಮನ ಬೋಳು ಹಣೆ ಕಂಡಿದ್ದೇ ಅವರ ಮುಖ ಬಿಗಿಯಿತು.

"ನಮಗೆ ಗೊತ್ತಿರ್ಲಿಲ್ಲ. ಮದುವೆಗೆ ಮುಂಚೆ ಇಂಥೋರ ಕೈಲಿ ಮೊದಲ ಫೋಟೋ..."

ದೊಡ್ಡಮ್ಮ ಬೆಂಗಳೂರಿನಿಂದ ಬಾಡಿಗೆಗೆ ತಂದ ಸಲಕರಣೆ ಕಟ್ಟಿಕೊಂಡು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ಹೇಳೋದೇನಿದ್ರೂ ಈಗ್ಲೇ ಹೇಳಿಬಿಡಿ ತಾಯೀ. ಕೆಳಗೆ ಹೋದ್ಮೇಲೆ ನಂಗೆ ಒಂದೂ ಕೇಳ್ಸಲ್ಲ."

ಆಕೆ ಹೇಳಲು ಶುರು ಮಾಡಿದರು. ದೊಡ್ಡಮ್ಮ ಅರ್ಧ ಕೇಳಿಸಿಕೊಂಡು, ಮಾಸ್ಕ್ ಎಳೆದುಕೊಂಡು, ಕೊಳವೆ ಕಚ್ಚಿಕೊಂಡು ಮುಳುಗಿದಳು. ಹುಡುಗಿಯೂ ಅತ್ತೆಯ ಮುಖ ನೋಡದೆ ಹಿಂದೆಯೇ ಧುಮುಕಿದಳು, ಅವಳ ಹಿಂದೆ ಹುಡುಗ. ಮೇಲೆ ಆಕೆ ಮಾತಾಡುತ್ತಲೇ ಇದ್ದರು. ಕೆಳಗಿಂದ ಗುಳ್ಳೆಗಳು ಬರುತ್ತಲೇ ಇದ್ದವು. ಅವರ ಮಾತು ಕೇಳಲು ಉಳಿದವಳೆಂದರೆ ನಾನೊಬ್ಬಳೇ.

ಮದುವೆಯ ಫೋಟೋ ಕೆಲಸ ಮಾತ್ರ ಡ್ರೋನ್ ಹುಡುಗನಿಗೇ ಹೋಯಿತು. ಅತ್ತೆಯ ಮನೆಯವರ ತೀರ್ಮಾನ. ಆದರೆ ಕಲ್ಯಾಣ ಮಂಟಪದ ಬಾಗಿಲಿಗೆ ಹಾಕಿಸಿದ್ದ ದೊಡ್ಡ ಪಟ ನೀರಿನೊಳಗಿನದೇ. ಸೀರೆಯ ಸೆರಗು ಹೊಗೆಯಂತೆ ಹರಡಿ, ಇಬ್ಬರೂ ನಗುತ್ತಿದ್ದರು. ಹುಡುಗಿ ಕರೆದಿದ್ದಳೆಂದು ದೊಡ್ಡಮ್ಮ ಒಳ್ಳೆ ಸೀರೆಯುಟ್ಟು ಹೋಗಿ ಮುಂದಿನ ಸಾಲಿನಲ್ಲಿ ಬರಿಗೈಯಲ್ಲಿ ಕೂತಳು. ಮುಹೂರ್ತ ಮುಗಿಯುವವರೆಗೂ ಏಳಲಿಲ್ಲ.

ಮುಂದಿನ ಚಳಿಗಾಲಕ್ಕೆ ರಾಜುವಿನ ಕರೆ ಬಂತು. ಮುಳುಗಲು ಬರುವ ಪ್ರವಾಸಿಗರ ಫೋಟೋ ತೆಗೆಯಲು ಜನ ಬೇಕು, ಬರುತ್ತೀರಾ ಅಮ್ಮಾ ಎಂದು. ದೊಡ್ಡಮ್ಮ ಸ್ಟುಡಿಯೋವನ್ನು ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟು ಹೊರಟೇಬಿಟ್ಟಳು. ಮಳೆಗಾಲದಲ್ಲಿ ಮಾತ್ರ ಊರಿಗೆ ಬರುತ್ತಿದ್ದಳು, ಬಿಸಿಲಿಗೆ ಕಪ್ಪಾಗಿ, ಮೊದಲಿಗಿಂತ ಗಟ್ಟಿ ದನಿಯಲ್ಲಿ.

ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಬೆಳಗ್ಗೆ ದೋಣಿಗೆ ಬರಲಿಲ್ಲವೆಂದು ರಾಜು ಹೋಗಿ ಬಾಗಿಲು ತಟ್ಟಿದಾಗ ಗೊತ್ತಾಯಿತಂತೆ. ನಿದ್ದೆಯಲ್ಲಿ ಹೋಗಿದ್ದಳು. ಮಾವ ಈಗಲೂ ತಂಗಿಯನ್ನು ಸಮುದ್ರ ನುಂಗಿತೆಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ನುಂಗಲಿಲ್ಲ, ಅವಳು ಪ್ರತಿ ಸಲವೂ ಮೇಲೆ ಬಂದಳು ಎಂದು ನಾನು ಅವರ ಎದುರಿಗೇ ತಿದ್ದುತ್ತೇನೆ.

ಕೊನೆಯ ಬಾರಿ ಅವಳನ್ನು ನೋಡಿದ್ದು ನನ್ನ ಮದುವೆಯಲ್ಲಿ. ಕೋಲಾರದ ನಮ್ಮ ಮನೆಯಲ್ಲಿ ಹಿಂದಿನ ದಿನ ಅರಿಶಿನದ ಶಾಸ್ತ್ರ. ನಾನು ಮಣೆಯ ಮೇಲೆ ಕೂತಿದ್ದೆ. ಮುತ್ತೈದೆಯರು ಒಬ್ಬೊಬ್ಬರಾಗಿ ಹಚ್ಚುತ್ತಿದ್ದರು. ದ್ವೀಪದಿಂದ ಆಗಷ್ಟೇ ಬಂದಿಳಿದ ದೊಡ್ಡಮ್ಮ ಕಾಲು ತೊಳೆದು ನೇರ ನನ್ನ ಬಳಿ ಬಂದು ಬಟ್ಟಲಿಗೆ ಕೈ ಚಾಚಿದಳು. ಅಮ್ಮ ಅವಳ ಮಣಿಕಟ್ಟು ಹಿಡಿದಳು.

"ಅಕ್ಕಾ, ನಂಗೇನಿಲ್ಲ. ಬೀಗರು ನೋಡ್ತವ್ರೆ. ಮಗು ಬಾಳೋ ಹುಡುಗಿ... ನೀನು ಬೇಡ ಕಣಕ್ಕಾ."

ದೊಡ್ಡಮ್ಮ ತನ್ನ ಮಣಿಕಟ್ಟಿನ ಮೇಲಿದ್ದ ತಂಗಿಯ ಬೆರಳುಗಳನ್ನು ನೋಡಿದಳು. ಚಾಚಿದ ಕೈ ಹಾಗೇ ನಿಂತಿತು. ಅವಳ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ನಾನು ಮಣೆಯಿಂದ ಎದ್ದೆ. "ದೊಡ್ಡಮ್ಮ ಹಚ್ಚದಿದ್ರೆ ನಾನು ಇಲ್ಲಿ ಕೂರಲ್ಲಮ್ಮ. ನಾಳೆ ಮಂಟಪಕ್ಕೂ ಬರಲ್ಲ."

ಅಮ್ಮ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಆಮೇಲೆ ಹಿಡಿದ ಕೈ ಬಿಟ್ಟಳು.

"ಕೂತ್ಕೊಳ್ಳೇ, ಸೀರೆಗೆ ಬೀಳ್ತದೆ" ಎಂದ ದೊಡ್ಡಮ್ಮ ಬೆರಳಿನಲ್ಲಲ್ಲ, ಬೊಗಸೆಯಲ್ಲೇ ಅರಿಶಿನ ಬಾಚಿದಳು. ಕೆನ್ನೆ, ಕತ್ತು, ತೋಳು, ಪಾದ, ಎಲ್ಲೂ ಬಿಡಲಿಲ್ಲ. ಮುಗಿಸಿ ಬೀಗರ ಕಡೆಯ ಹೆಂಗಸರತ್ತ ತಿರುಗಿ ಎರಡೂ ಕೈ ಎತ್ತಿ, "ಇನ್ನೂ ಐತೆ. ಯಾರ್ಗಾದ್ರೂ ಬೇಕಾ?" ಎಂದಳು. ಬೀಗಿತಿಯೊಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ಮರುದಿನ ಧಾರೆಯಾಗಿ ಊಟ ಮುಗಿದ ಕೂಡಲೇ ಅವಳು ಹೊರಟಳು. ಸೀಸನ್ ನಡೆಯುತ್ತಿತ್ತು, ವಿಮಾನ ಹಿಡಿಯಬೇಕಿತ್ತು. ಕಲ್ಯಾಣ ಮಂಟಪ ಹೆದ್ದಾರಿಯ ಪಕ್ಕದಲ್ಲೇ. ಮದುವೆಯ ಸೀರೆಯಲ್ಲೇ ನಾನು ರಸ್ತೆಯವರೆಗೂ ಹೋದೆ. ಅಮ್ಮ ಒಂದು ಡಬ್ಬಿಯಲ್ಲಿ ಒಬ್ಬಟ್ಟು ಕಟ್ಟಿಸಿಕೊಂಡು ಹಿಂದೆಯೇ ಓಡಿ ಬಂದಳು.

"ಅಕ್ಕಾ, ಕೋಪಾನಾ?"

"ಕೋಪ ಇಲ್ದೇ ಏನು! ಮಳೆಗಾಲಕ್ಕೆ ಬರ್ತೀನಲ್ಲ, ಕೂತ್ಕೊಂಡು ಸರಿಯಾಗಿ ಜಗಳ ಆಡೋಣ. ಈಗ ಬಸ್ ಹೋಗ್ತದೆ" ಎಂದು ಡಬ್ಬಿ ಕಸಿದುಕೊಂಡು, ಮಂಡಿ ಒತ್ತಿ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದಳು.

ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಮುಂದಕ್ಕೆ ಚಲಿಸಿದಾಗ ಕೈ ಹೊರಗೆ ಚಾಚಿ ಬೀಸಿದಳು. ಕಂಡಕ್ಟರ್ ಕೈ ಒಳಗಿಡಿ ಎಂದು ಗದರಿದ್ದು ನಮಗೂ ಕೇಳಿಸಿತು. ಅವಳು ಒಳಗಿಡಲಿಲ್ಲ. ಬಸ್ಸು ಮೇಲ್ಸೇತುವೆ ಹತ್ತಿ ಮರೆಯಾಗುವವರೆಗೂ ಆ ಹಳದಿ ಅಂಗೈ ಬಿಸಿಲಲ್ಲಿ ಹೊರಗೇ ಇತ್ತು.